ಜೂನ್ ಒಂದರ ಮಕ್ಕಳು

ನಾನು ಮುನ್ನೂರ ಎಂಬತ್ಮೂರು ಮಕ್ಕಳನ್ನು ಒಂದೇ ತಾರೀಖಿಗೆ ಹುಟ್ಟಿಸಿದವಳು. ಹೆತ್ತವರು ಬೇರೆ ಬೇರೆ ತಾಯಂದಿರು. ತಾರೀಖು ಮಾತ್ರ ನನ್ನದು, ನೀಲಿ ಶಾಯಿಯಲ್ಲಿ ಬರೆದ ಜೂನ್ ಒಂದು. ಹುಣಸೀಮರಡಿಯ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ನಾಲ್ಕು ವರ್ಷ ಮುಖ್ಯ ಅಧ್ಯಾಪಕಿಯಾಗಿದ್ದೆ. ಹೆಸರು ಇಂದುಮತಿ ಹಡಗಲಿ, ಊರಿನವರ ಬಾಯಲ್ಲಿ ಇಂದುಮತಿ ಅಕ್ಕೋರು. ಈಗ ಎಂಬತ್ತೈದು ವಯಸ್ಸು. ಕಣ್ಣು ಚೆನ್ನಾಗಿವೆ, ಹಲ್ಲು ಅರ್ಧ ಇವೆ, ನೆನಪಿನ ವಿಷಯದಲ್ಲಿ ಮಾತ್ರ ಯಾರೂ ನನ್ನ ಜೊತೆ ಪಂದ್ಯ ಕಟ್ಟಬೇಡಿ.

ಜೂನ್ ಒಂದೇ ಯಾಕೆ ಅಂತ ಈಗಿನವರು ಕೇಳುತ್ತಾರೆ. ಆಗ ನಮ್ಮ ಕಡೆ ಮಕ್ಕಳು ಮನೆಯಲ್ಲೇ ಹುಟ್ಟುತ್ತಿದ್ದವು, ಜನನ ಪತ್ರ ಯಾರ ಬಳಿಯೂ ಇರುತ್ತಿರಲಿಲ್ಲ. ಶಾಲೆಗೆ ಹೆಸರು ಹಚ್ಚಲು ಬಂದ ತಾಯಿಯನ್ನು ಕೂಸು ಯಾವಾಗ ಹುಟ್ಟಿದ್ದು ಅಂತ ಕೇಳಿದರೆ ತಾರೀಖು ಬರುತ್ತಿರಲಿಲ್ಲ, ಕಥೆ ಬರುತ್ತಿತ್ತು. ಕಾರ ಹುಣ್ಣಿಮೆ ದಿನ ಎತ್ತು ಓಡಿಸಿ ಕರಿ ಹರಿಯುವಾಗ ಒಂದು ಎತ್ತು ಹಾಯ್ದು ನಮ್ಮ ಮಾವನ ಕಾಲು ಮುರಿದಿತ್ತಲ್ಲ, ಅವತ್ತು ಸಂಜೆ. ಎಳ್ಳಮಾಸಿಗೆ ಹೊಲಕ್ಕೆ ಬುತ್ತಿ ಒಯ್ಯುವಾಗ ದಾರಿಯಲ್ಲೇ. ಇದನ್ನೆಲ್ಲ ರಜಿಸ್ಟರಿನ ಆ ಸಣ್ಣ ಚೌಕದಲ್ಲಿ ಹೇಗೆ ತುಂಬುವುದು? ಶಾಲೆ ಶುರುವಾಗುವುದು ಜೂನ್ ಒಂದಕ್ಕೆ. ಅವತ್ತಿಗೆ ಸರಿಯಾಗಿ ಆರು ತುಂಬಿದಂತೆ ಬರೆದರೆ ಲೆಕ್ಕ ಸಲೀಸು, ಇನ್‌ಸ್ಪೆಕ್ಟರ್ ಸಾಹೇಬರ ತಕರಾರೂ ಇಲ್ಲ.

ಸುತ್ತಲಿನ ಎಲ್ಲ ಊರುಗಳಲ್ಲೂ ಇದೇ ನಡೆದಿತ್ತು. ಆದರೆ ಆ ಊರುಗಳ ಮಾಸ್ತರರು ಬೇಜಾರಾದಾಗ ಒಂದೆರಡು ತಾರೀಖು ಆಚೀಚೆ ಮಾಡುತ್ತಿದ್ದರು. ನಾನು ಶಿಸ್ತಿನವಳು, ಒಂದನ್ನೂ ಬದಲಿಸಲಿಲ್ಲ. ತಾಯಂದಿರ ಕಥೆಯನ್ನು ಮಾತ್ರ ಪೂರ್ತಿ ಕೇಳುತ್ತಿದ್ದೆ, ಅದೊಂದು ಚಟ ನನಗೆ. ಕೇಳಿ, ತಲೆಯಾಡಿಸಿ, ಜೂನ್ ಒಂದು ಅಂತ ಬರೆದು, ಹೋಗಿ ಬಾ ತಾಯಿ ಅನ್ನುತ್ತಿದ್ದೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ ಅಂತ ಅರವತ್ತು ವರ್ಷ ನಂಬಿಕೊಂಡಿದ್ದೆ.

ಆಗಿದ್ದು ಗೊತ್ತಾದದ್ದು ಬಾಳೋಲೆ ಬಂದ ಮೇಲೆ.

ಬಾಳೋಲೆ ಅಂದರೆ ಅಂಗೈ ಅಗಲದ ಬಿಳಿ ಪಿಂಗಾಣಿ ಹಲಗೆ. ಕಂಪ್ಯೂಟರಿನಲ್ಲಿ ಇಟ್ಟದ್ದು ಐವತ್ತು ವರ್ಷವೂ ಬಾಳುವುದಿಲ್ಲ ಎಂಬುದು ಅಷ್ಟರಲ್ಲಿ ಎಲ್ಲರ ಅನುಭವಕ್ಕೂ ಬಂದಿತ್ತು. ಸಾವಿರಾರು ಫೋಟೋ ತೆಗೆಸಿಕೊಂಡವರ ಮೊಮ್ಮಕ್ಕಳ ಬಳಿ ಅಜ್ಜನ ಒಂದು ಮುಖವೂ ಉಳಿದಿರಲಿಲ್ಲ. ಆಗ ಸರಕಾರ ಈ ಯೋಜನೆ ತಂದಿತು. ಪ್ರತಿಯೊಬ್ಬರೂ ತಮ್ಮ ಬಾಳಿನ ಕಥೆಯನ್ನು ತಮ್ಮ ಕೈಯಾರೆ ಹನ್ನೆರಡು ಪುಟದಲ್ಲಿ ಬರೆದು ಕೊಡಬೇಕು. ಲೇಸರ್ ಕಿರಣ ಅದನ್ನು ಕೂದಲಿಗಿಂತ ಸಣ್ಣ ಅಕ್ಷರದಲ್ಲಿ ಹಲಗೆಯ ಮೇಲೆ ಕೆತ್ತುತ್ತದೆ. ಓದಲು ಕರೆಂಟು ಬೇಡ, ಒಂದು ಭೂತಗನ್ನಡಿ ಸಾಕು. ನೀರು, ಬೆಂಕಿ, ಗೆದ್ದಲು ಯಾವುದೂ ಅದನ್ನು ಮುಟ್ಟುವುದಿಲ್ಲ, ಹತ್ತು ಸಾವಿರ ವರ್ಷ ಇರುತ್ತದೆ ಅನ್ನುತ್ತಾರೆ. ನವಿಲುಗುಡ್ಡದ ಹಳೆಯ ಬಂಗಾರದ ಗಣಿಯಲ್ಲಿ, ಆರುನೂರು ಅಡಿ ಕೆಳಗೆ, ಒಂದೊಂದು ತಾಲೂಕಿಗೆ ಒಂದೊಂದು ಕೋಣೆ. ಓಲೆಗಳನ್ನು ಜೋಡಿಸಿಟ್ಟು ಬಾಗಿಲಿಗೆ ಕಲ್ಲು ಕಟ್ಟಿಬಿಡುತ್ತಾರೆ. ನಮ್ಮ ತಾಲೂಕಿನ ಕೋಣೆಗೆ ಶ್ರಾವಣದ ಮೊದಲ ದಿನ ಕಲ್ಲು ಕಟ್ಟುವುದೆಂದು ನಿಗದಿಯಾಗಿತ್ತು.

ಪುಟಕ್ಕೆ ಮೂವತ್ತೆರಡು ಸಾಲು. ಹನ್ನೆರಡು ಪುಟ, ಮುನ್ನೂರ ಎಂಬತ್ನಾಲ್ಕು ಸಾಲು. ಕಲೆಕ್ಟರಿಗೂ ಅಷ್ಟೇ, ಕಸ ಗುಡಿಸುವವಳಿಗೂ ಅಷ್ಟೇ. ಈ ಒಂದು ನಿಯಮ ಮಾಡಿದವರ ಕೈಗೆ ಬೇಕಾದರೆ ಬಂಗಾರದ ಕಡಗ ತೊಡಿಸುತ್ತೇನೆ.

ಮೊದಲ ವರ್ಷ ಒಂದು ಗೋಲ್‌ಮಾಲ್ ಆಯಿತು. ಬರೆಯಲು ಸೋಮಾರಿಗಳಾದವರು ಬೇರೆಯವರ ಕೈಲಿ ಬರೆಸಿದರು, ಬರೆದವರು ಹುಟ್ಟೇ ಇಲ್ಲದ ಜನರನ್ನೂ ಹುಟ್ಟಿಸಿಬಿಟ್ಟರು. ಅದಕ್ಕೇ ಗಣಿಯಲ್ಲಿ ತಾಳೆಗಾರ ಎಂಬ ಯಂತ್ರವನ್ನು ತಂದು ಕೂರಿಸಿದರು. ಅದು ಎಲ್ಲರ ಓಲೆಗಳನ್ನು ಓದಿ ಒಂದಕ್ಕೊಂದು ತಾಳೆ ನೋಡುತ್ತದೆ. ನೀವು ಹತ್ತು ವರ್ಷದವರಿದ್ದಾಗ ಮಳೆಗೆ ಶಾಲೆಯ ಗೋಡೆ ಬಿತ್ತು ಅಂತ ಬರೆದರೆ, ಆ ಗೋಡೆ ಪಕ್ಕದ ಮನೆಯವನ ಬಾಳಿನಲ್ಲೂ ಅದೇ ಮಳೆಗೆ ಬಿದ್ದಿರಬೇಕು. ತಾಳೆ ಶುರುವಾಗುವುದು ಹುಟ್ಟಿದ ತಾರೀಖಿನಿಂದ. ಅದೇ ಗೂಟ, ಬಾಳಿನ ಹಗ್ಗ ಅಲ್ಲಿಂದಲೇ ಎಳೆಯುವುದು. ಒಬ್ಬರು ಬರೆದದ್ದನ್ನು ಇನ್ನೊಬ್ಬರಿಗೆ ಅದು ಯಾವ ಕಾರಣಕ್ಕೂ ಹೇಳುವುದಿಲ್ಲ, ತಾಳೆ ಬಿತ್ತೋ ಇಲ್ಲವೋ ಅಷ್ಟೇ ಹೇಳುತ್ತದೆ.

ಊರಿನವರೆಲ್ಲ ಬರೆದು ಕೊಟ್ಟಾಗಿತ್ತು, ನಾನೊಬ್ಬಳೇ ಬಾಕಿ. ಸೋಮಾರಿತನವಲ್ಲ, ಏಳನೇ ಕರಡು ತಿದ್ದುತ್ತಿದ್ದೆ. ನನ್ನ ಬಾಳಿನಲ್ಲಿ ಬರೆಯುವಂಥದ್ದು ಬಹಳವಿತ್ತು, ಸುಳ್ಳು ವಿನಯ ಯಾಕೆ? ಇಪ್ಪತ್ತೊಂದನೇ ವಯಸ್ಸಿಗೆ ಸೈಕಲ್ ಮೇಲೆ ಹುಣಸೀಮರಡಿಗೆ ಬಂದು ಇಳಿದದ್ದು, ಹೆಣ್ಣುಮಕ್ಕಳಿಗೆ ಪಾಯಖಾನೆ ಕಟ್ಟಿಸಲು ಪಂಚಾಯತಿ ಕಟ್ಟೆಯ ಮೇಲೆ ಮೂರು ದಿನ ಕೂತದ್ದು, ಬಾವಿಗೆ ಬಿದ್ದ ಮೌಲಾಬಿಯನ್ನು ಸೀರೆಯ ಸೆರಗು ಇಳಿಬಿಟ್ಟು ಎತ್ತಿದ್ದು. ಹತ್ತು ಸಾವಿರ ವರ್ಷದ ಆಚೆ ಯಾವಳೋ ಒಬ್ಬಳು ಭೂತಗನ್ನಡಿ ಹಿಡಿದು ಇದನ್ನು ಓದಿ, ಭಲೇ ಹೆಂಗಸು ಅನ್ನಬೇಕು ಎಂಬ ಆಸೆ ನನಗಿತ್ತು.

ಕಾರ ಹುಣ್ಣಿಮೆ ಮುಗಿದ ವಾರ ಸುದ್ದಿ ಬಂತು. ಹುಣಸೀಮರಡಿಯ ಇನ್ನೂರ ಅರವತ್ತೆಂಟು ಜನರ ಬಾಳನ್ನು ತಾಳೆಗಾರ ತಳ್ಳಿಹಾಕಿತ್ತು. ಈ ಎಲ್ಲ ಜೀವನಗಳನ್ನೂ ಒಬ್ಬರೇ ಕೂತು ಕಟ್ಟಿದ ಸಂಶಯವಿದೆ ಎಂದು ಕಾರಣ ಕೊಟ್ಟಿತ್ತು. ಯಂತ್ರವನ್ನು ಬೈಯುವಂತಿರಲಿಲ್ಲ. ಒಂದೂರಿನ ಜನವೆಲ್ಲ ಒಂದೇ ದಿನ ಹುಟ್ಟಿದ್ದಾರೆ ಅಂದರೆ ನಾನಾದರೂ ನಂಬುತ್ತಿದ್ದೆನೆ? ಸಾಕ್ಷಿ ಒದಗಿಸದಿದ್ದರೆ ಕೋಣೆಯಲ್ಲಿ ನಮ್ಮ ಊರಿನ ಕಪಾಟು ಖಾಲಿ ಉಳಿಯುತ್ತದೆ, ಹಾಗೇ ಕಲ್ಲು ಕಟ್ಟುತ್ತಾರೆ.

ಅವತ್ತು ಮಧ್ಯಾಹ್ನ ಫಕೀರವ್ವ ಬಂದಳು. ನನ್ನ ಹಳೆಯ ವಿದ್ಯಾರ್ಥಿನಿ, ಈಗ ಅವಳಿಗೂ ಅರವತ್ಮೂರು. ಊರಿನ ಹೆಂಗಸರ ಕುಬಸವೆಲ್ಲ ಅವಳ ಹೊಲಿಗೆಯೇ. ತಾಯಿ ಇವಳನ್ನು ಹೆತ್ತ ದಿನವೇ ತೀರಿಕೊಂಡಿದ್ದಳು. ತಂದೆ ಗೋವಾಕ್ಕೆ ದುಡಿಯಲು ಹೋದವನು ತಿರುಗಿ ಬರಲಿಲ್ಲ. ಸಾಕಿದ ಆಯಿ, ಅಂದರೆ ತಾಯಿಯ ತಾಯಿ, ಇವಳಿಗೆ ಒಂಬತ್ತಾದಾಗ ಹೋದಳು. ನನ್ನ ಮಗಳು ಕೊಟ್ಟ ನೀರು ಕುಡಿದು, ಫಕೀರವ್ವ ತಾಳೆಗಾರನಿಂದ ಬಂದ ಚೀಟಿಯನ್ನು ನನ್ನ ಮುಂದಿಟ್ಟಳು. ಎಲ್ಲರ ಚೀಟಿಗಿಂತ ಅವಳದರಲ್ಲಿ ಒಂದು ಸಾಲು ಹೆಚ್ಚಿತ್ತು. ಹುಟ್ಟಿದ ದಿನವೂ ತಾಯಿ ತೀರಿದ ದಿನವೂ ಒಂದೇ ಎಂದು ಬರೆದಿದ್ದೀರಿ, ಮುಚ್ಚಿರುವ ಇನ್ನೊಂದು ಓಲೆಯ ಪ್ರಕಾರ ಆ ಸಾವು ಜೂನ್ ತಿಂಗಳಿನದೇ ಅಲ್ಲ.

ಚೀಟಿಯನ್ನು ಎರಡು ಸಲ ಓದಿದೆ. ಅವಳೇ ಮಾತಾಡಿದಳು.

"ಅವ್ವ ಸತ್ತ ದಿನ ನಾ ಹುಟ್ಟೀನಿ ಅಂತ ಆಯಿ ಹೇಳಿದ್ಲು, ಅಷ್ಟ ನನಗ ಗೊತ್ತು. ನಾ ಹುಟ್ಟಿದ್ದು ಯಾವತ್ತಂತ ಸಾಲಿ ಸರ್ಟಿಫಿಕೇಟ್ ನೋಡಿ ತಿಳ್ಕೊಂಡೆ. ವರ್ಷಾ ಜೂನ್ ಒಂದಕ್ಕ ಅವ್ವಗ ಎಡಿ ಇಡ್ತೀನ್ರೀ ಅಕ್ಕೋರ. ಹೋಳಿಗಿ ಮಾಡಿ, ಒಂದ್ ಕುಬಸದ ಕಣ ಇಟ್ಟು." ಆಮೇಲೆ ನಿಧಾನವಾಗಿ ಕೇಳಿದಳು. "ಹಂಗಾರ ಇಷ್ಟ್ ವರ್ಷ ಅವ್ವ ಬ್ಯಾರೆ ದಿನ ಬಂದು, ಉಪಾಸ ಹೋಗ್ಯಾಳೇನ್ರೀ?"

ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ತಿರುಗಿ ಏನಾದರೂ ಅನ್ನಬಹುದಿತ್ತು. ಬದುಕಿನಲ್ಲಿ ಅಷ್ಟು ನಾಚಿಕೆ ನನಗೆ ಹಿಂದೆ ಎಂದೂ ಆಗಿರಲಿಲ್ಲ. ಇವಳ ಆಯಿ ನನ್ನ ಮೇಜಿನ ಮುಂದೆ ನಿಂತು ಆ ದಿನದ ಕಥೆ ಹೇಳಿದ್ದಳು, ಅದು ಖಂಡಿತ. ನಾನು ಅದನ್ನು ಕೇಳಿದ್ದೆ, ಅದೂ ಖಂಡಿತ. ಏನು ಹೇಳಿದ್ದಳು?

ನೆನಪಾಗಲಿಲ್ಲ. ನೆನಪಿನ ಮೇಲೆ ಪಂದ್ಯ ಕಟ್ಟುವ ನನಗೆ, ಬೇಕಾದ ಆ ಒಂದು ಮಾತು ನೆನಪಾಗಲಿಲ್ಲ.

ನಾಲ್ಕು ದಿನ ಕೊಡು ಅಂದೆ. ಆಗಲಿ ಅಂದು ಎದ್ದು ಹೋದಳು. ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು ಒಂದು ಪ್ರಯೋಗ ಮಾಡಿದೆ. ಇಪ್ಪತ್ನಾಲ್ಕು ವರ್ಷ ದಿನಾ ಬೆಳಿಗ್ಗೆ ಹಾಜರಿ ಕರೆದ ಬಾಯಿ ಇದು. ಹೆಸರು ಹಚ್ಚಿದ ಕ್ರಮದಲ್ಲೇ ನಂಬರು, ನಂಬರಿನ ಕ್ರಮದಲ್ಲೇ ಹಾಜರಿ. ಇವಳ ತರಗತಿಯ ಹಾಜರಿಯನ್ನು ಗಟ್ಟಿಯಾಗಿ ಕರೆಯತೊಡಗಿದೆ. ಒಂದನೇ ನಂಬರು ಅಂದಾನಪ್ಪ. ಎರಡು ಮೌಲಾಬಿ. ಮೂರು... ಮೂರು ಬರಲಿಲ್ಲ. ಮತ್ತೆ ಒಂದರಿಂದ ಶುರು ಮಾಡಿದೆ, ಮತ್ತೆ ಅಲ್ಲೇ ನಿಂತಿತು. ಯಾಕೆ ಅಂತ ಆಮೇಲೆ ಹೊಳೆಯಿತು. ಹಾಜರಿ ಕರೆಯುವುದೆಂದರೆ ನಾನೊಬ್ಬಳೇ ಕೂಗುವುದಲ್ಲ. ನಾನು ಕರೆಯಬೇಕು, ಅತ್ತಲಿಂದ ಓ ಅನ್ನಬೇಕು, ಆಗಲೇ ಮುಂದಿನ ಹೆಸರು ಬಾಯಿಗೆ ಬರುವುದು. ಆ ದನಿಗಳೆಲ್ಲ ಬೇಕಾಗಿದ್ದವು.

ಮರುದಿನ ಗಣಿಗೆ ಹೋದೆ. ಲಿಫ್ಟಿನಲ್ಲಿ ಆರುನೂರು ಅಡಿ ಇಳಿಯುವಾಗ ಕಿವಿ ಮುಚ್ಚಿಕೊಂಡವು. ತಾಳೆ ಕೋಣೆಯ ಮುಖ್ಯಸ್ಥೆ ಇಶಾನಿ ಮೆಣಸಿನಕಾಯಿ, ಮೂವತ್ತರ ಆಸುಪಾಸಿನ ಹುಡುಗಿ. ಅಡ್ಡಹೆಸರಿಗೆ ತಕ್ಕ ಖಾರ. ಎದುರಿನ ಗೋಡೆಯ ತುಂಬ ಬೆಳಕಿನ ಎಳೆಗಳು, ಒಂದು ಬಾಳಿಗೆ ಒಂದು ಎಳೆ. ಬೇರೆ ಊರುಗಳ ಎಳೆಗಳು ಒಂದನ್ನೊಂದು ಹಾದು ಹಸಿರಾಗಿ ಹರಡಿಕೊಂಡಿದ್ದವು. ನಮ್ಮ ಊರಿನವು ಮಾತ್ರ ಒಂದೇ ಗೂಟಕ್ಕೆ ಗಂಟು ಬಿದ್ದು ಕೆಂಪಗೆ ನಿಂತಿದ್ದವು.

ಈ ಗೂಟ ಜಡಿದವಳು ನಾನೇ ಅಂತ ಹೇಳಿದೆ. ಸಹಿ ಹಾಕಿ ಕೊಡುತ್ತೇನೆ, ಮುಗಿಸು ಅಂದೆ. ಅವಳು ಒಪ್ಪಲಿಲ್ಲ. ಸರಕಾರಿ ಕಾಗದವೆಂದು ಶಾಲೆಯ ಸರ್ಟಿಫಿಕೇಟನ್ನು ನಂಬಿಯೇ ಇಷ್ಟು ಗೋಳು ಆಗಿದೆ, ಇನ್ನೊಂದು ಕಾಗದವನ್ನು ತಾಳೆಗಾರ ನಂಬುವುದಿಲ್ಲ ಅಂದಳು. ಅದು ನಂಬುವುದು ಇನ್ನೊಂದು ಬಾಳೋಲೆಯನ್ನು ಮಾತ್ರ. ಒಬ್ಬರು ತಮ್ಮ ಕೈಯಾರೆ ತಮ್ಮ ಬಾಳಿನ ಭಾಗವಾಗಿ ಬರೆದದ್ದೇ ಸಾಕ್ಷಿ.

"ನಿಮ್ಮ ಓಲೆ ಇನ್ನೂ ಬಂದಿಲ್ಲಲ್ರೀ ಅಕ್ಕೋರ?" ಅಂದಳು.

ಎಲ್ಲಿಗೆ ಬರುತ್ತಿದ್ದಾಳೆ ಅಂತ ನನಗೆ ತಿಳಿಯಿತು. ಆದರೆ ತಾಯಂದಿರು ತಾರೀಖು ಹೇಳಿರಲಿಲ್ಲವಲ್ಲ, ಹುಣ್ಣಿಮೆ ಅಮಾವಾಸ್ಯೆ ಹೇಳಿದ್ದರು. ಅದನ್ನು ಕೇಳಿ ಇಶಾನಿ ಹುಬ್ಬು ಗಂಟಿಕ್ಕಿದಳು. ಎಳ್ಳಮಾಸಿ ಅಂದರೆ ಯಾವ ತಿಂಗಳ ಎಷ್ಟನೇ ತಾರೀಖು ಅಂತ ಕೇಳಿದಳು. ಅಷ್ಟು ದೊಡ್ಡ ಯಂತ್ರಕ್ಕೆ ಯಾರೂ ಪಂಚಾಂಗ ಕಲಿಸಿರಲಿಲ್ಲ! ನಾನು ಅಲ್ಲೇ ಕುರ್ಚಿ ಎಳೆದುಕೊಂಡು ಕೂತೆ. ಚಂದ್ರನ ಲೆಕ್ಕ, ಅಧಿಕ ಮಾಸ, ನಮ್ಮ ಕಡೆಯ ಹಬ್ಬಗಳ ಸಾಲು, ಎಲ್ಲವನ್ನೂ ಹೇಳಿದೆ. ಅವಳು ಹಳೆಯ ಪಂಚಾಂಗಗಳನ್ನು ತರಿಸಿ ಎರಡು ದಿನದಲ್ಲಿ ಯಂತ್ರಕ್ಕೆ ಉಣಿಸಿದಳು. ಮೂರನೇ ದಿನ ಮೌಲಾಬಿಯ ತಾಯಿ ಹೇಳಿದ್ದನ್ನು ಪರೀಕ್ಷೆಗೆ ಕೊಟ್ಟೆ. ಮೊಹರಮ್ಮಿನ ಖತಲ್ ರಾತ್ರಿ ಕಳೆದು ಬೆಳಗಾಗುವಾಗ, ಬಿರುಗಾಳಿಗೆ ಶಾಲೆಯ ತಗಡು ಹಾರಿದ ವರ್ಷ. ಯಂತ್ರ ತಾರೀಖು ಕೊಟ್ಟಿತು. ಕೆಂಪು ಗಂಟಿನಿಂದ ಒಂದು ಎಳೆ ಬಿಚ್ಚಿಕೊಂಡು ಹಸಿರಾಗಿ ಪಕ್ಕಕ್ಕೆ ಸರಿಯಿತು. ಇಶಾನಿ ಚಪ್ಪಾಳೆ ತಟ್ಟಿದಳು, ಖಾರವೆಲ್ಲ ಇಳಿದಿತ್ತು.

ಆಮೇಲೆ ಅವಳು ಲೆಕ್ಕ ಹಾಕಿದಳು. ಒಬ್ಬರಿಗೆ ಒಂದು ಸಾಲು ಸಾಕು. ನಾನು ಹೆಸರು ಹಚ್ಚಿದ ಮಕ್ಕಳು ಮುನ್ನೂರ ಎಂಬತ್ಮೂರಾದರೂ, ಓಲೆ ಬರೆದವರು ಇನ್ನೂರ ಅರವತ್ತೆಂಟೇ. ಉಳಿದ ನೂರ ಹದಿನೈದು ಮಂದಿ ತೀರಿಕೊಂಡವರು, ಇಲ್ಲವೇ ಊರು ಬಿಟ್ಟು ಎಲ್ಲಿದ್ದಾರೋ ತಿಳಿಯದವರು. ಅವರ ಓಲೆಯೇ ಇಲ್ಲವಾದ್ದರಿಂದ ಅವರಿಗೆ ಸಾಕ್ಷಿಯೂ ಬೇಡ.

"ಅವರ್ನ ಬಿಟ್ರ ನಿಮಗ ನೂರಾ ಹದಿನಾರು ಸಾಲು ಉಳೀತಾವ್ರೀ. ನಿಮ್ಮ ಕಥಿನೂ ಬರೀಬಹುದು," ಅಂದಳು.

ನನಗೆ ಖುಷಿಯಾಯಿತು, ಮುಚ್ಚಿಡುವುದೇಕೆ. ಲಿಫ್ಟಿನಲ್ಲಿ ಮೇಲೆ ಬರುವಾಗಲೇ ಲೆಕ್ಕ ಮಾಡಿದೆ. ಸೈಕಲ್ಲಿಗೆ ಇಪ್ಪತ್ತು ಸಾಲು, ಪಾಯಖಾನೆಗೆ ಮೂವತ್ತು, ಬಾವಿಗೆ ಇಪ್ಪತ್ತೈದು. ಸತ್ತವರು ಹೇಗೂ ಸತ್ತಿದ್ದಾರೆ ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ಹಳೆಯ ಶಾಲೆಯ ಅಂಗಳಕ್ಕೆ ಎಲ್ಲರನ್ನೂ ಕರೆಸಿದೆ. ಬಂದರು ನೋಡಿ! ಗದಗಿನಿಂದ, ಹುಬ್ಬಳ್ಳಿಯಿಂದ, ಬೀಗರ ಮನೆಯಿಂದ ಎದ್ದು ಬಂದರು. ತಲೆ ನರೆತವರು, ಮಂಡಿ ಚಿಪ್ಪು ಬದಲಿಸಿಕೊಂಡವರು, ಇಬ್ಬರು ನಿವೃತ್ತ ಪೊಲೀಸರು. ತರಗತಿವಾರು ಸಾಲಾಗಿ, ನಂಬರಿನ ಕ್ರಮದಲ್ಲಿ ಕೆಳಗೆ ಕೂರಿ ಅಂದೆ. ಕೂತರು. ತಡವಾಗಿ ಬಂದವರನ್ನು ಗೇಟಿನ ಹೊರಗೇ ನಿಲ್ಲಿಸಿ ಕಾರಣ ಕೇಳಿದೆ, ಅದು ನನ್ನ ಹಳೆಯ ಪದ್ಧತಿ. ತಡವಾಗಿ ಬಂದವರು ಕಾರಣ ಹೇಳಿಯೇ ಒಳಗೆ ಬರಬೇಕು. ಅರವತ್ತೈದು ವರ್ಷದ ನಿವೃತ್ತ ಫೌಜದಾರ ಕೈಕಟ್ಟಿ ನಿಂತು, ಬಸ್ ಕೆಟ್ಟಿತ್ರೀ ಅಕ್ಕೋರ ಅಂದಾಗ ಅಂಗಳವೆಲ್ಲ ನಕ್ಕಿತು.

ಹಾಜರಿ ಶುರು ಮಾಡಿದೆ. ಕರೆದೆ, ಓ ಅಂದರು, ತಾಯಂದಿರು ಬಂದರು. ಹೌದು, ಹಾಗೇ ಅನಿಸಿತು. ಒಂದೊಂದು ದನಿಯ ಹಿಂದೆಯೇ ಒಬ್ಬೊಬ್ಬ ತಾಯಿ ಸೆರಗು ಸರಿಮಾಡಿಕೊಂಡು ಮೇಜಿನ ಮುಂದೆ ಬಂದು ನಿಂತು ಹೇಳಿದಳು. ನಾನು ಅದನ್ನೇ ಗಟ್ಟಿಯಾಗಿ ಹೇಳುತ್ತಾ ಹೋದೆ. ಶೀಗಿ ಹುಣ್ಣಿಮೆಗೆ ಹೊಲದಲ್ಲಿ ಅನ್ನದ ಚರಗ ಚೆಲ್ಲುವಾಗ ಹುಟ್ಟಿದವನು ಎದ್ದು ನಿಂತು, ನಾನಾ, ಅಂತ ಎರಡು ಸಲ ಕೇಳಿದ. ತನ್ನ ತಾಯಿಗೆ ಮೂರು ದಿನ ಹೆರಿಗೆ ನೋವಾಗಿತ್ತು ಎಂಬುದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಓಲೆ ಇಲ್ಲದವರ ಹೆಸರನ್ನು ನಾನು ಹಾರಿಸುತ್ತಿದ್ದೆ. ಕೆಲವು ಕಡೆ ತೊಡರಿದರೂ ನಡೆಯಿತು.

ಫಕೀರವ್ವನ ತರಗತಿ ಬಂತು. ಒಂದು ಅಂದಾನಪ್ಪ. ಎರಡು ಮೌಲಾಬಿ. ಮೂರು ಶರಣಪ್ಪ, ಬಂತು. ಹನ್ನೊಂದರವರೆಗೆ ಸರಾಗವಾಗಿ ಬಂತು. ಹನ್ನೆರಡು ಪರಸಪ್ಪ. ಅವನು ಲಾರಿ ಓಡಿಸುತ್ತಿದ್ದ, ಮೂವತ್ತಕ್ಕೇ ಹೋದ. ಅವನ ಓಲೆ ಇಲ್ಲ. ಹಾರಿಸಿದೆ.

"ಹದಿಮೂರು, ಫಕೀರವ್ವ."

"ಓ ರೀ ಅಕ್ಕೋರ," ಅಂದಳು ಅವಳು, ಕಣ್ಣು ನನ್ನ ಬಾಯಿಯ ಮೇಲಿಟ್ಟು.

ಯಾರೂ ಬರಲಿಲ್ಲ. ಮೇಜಿನ ಮುಂದೆ ಖಾಲಿ ಜಾಗ. ಇನ್ನೊಮ್ಮೆ ಕರೆದೆ, ಇನ್ನೊಮ್ಮೆ ಓ ಅಂದಳು. ಏನೂ ಇಲ್ಲ. ಅಂಗಳವೆಲ್ಲ ನನ್ನನ್ನೇ ನೋಡುತ್ತಿತ್ತು. ನೀರು ಕೇಳಿದೆ. ಕುಡಿಯುತ್ತಾ ಇರುವಾಗ ಒಂದು ವಿಷಯ ನನ್ನ ತಲೆಗೆ ಹೋಯಿತು. ಇಪ್ಪತ್ನಾಲ್ಕು ವರ್ಷದಲ್ಲಿ ನಾನು ಒಂದು ದಿನವಾದರೂ ಗೈರುಹಾಜರಾದ ಮಗುವಿನ ಹೆಸರನ್ನು ಹಾರಿಸಿದ್ದೆನೆ? ಇಲ್ಲ. ಕರೆಯುತ್ತಿದ್ದೆ. ಪಕ್ಕದಲ್ಲಿ ಕೂತ ಮಗು ಹೇಳುತ್ತಿತ್ತು. ನೂರ ಹದಿನಾರು ಸಾಲಿನ ಆಸೆಗೆ ನಾನು ಹಾಜರಿಯನ್ನೇ ತಪ್ಪು ಕರೆಯುತ್ತಿದ್ದೆ.

ಲೋಟ ಕೆಳಗಿಟ್ಟೆ.

"ಹನ್ನೆರಡು, ಪರಸಪ್ಪ."

ಆಮೇಲೆ ಫಕೀರವ್ವ, ಐವತ್ತೇಳು ವರ್ಷದ ಹಿಂದೆ ಹೇಳುತ್ತಿದ್ದ ಹಾಗೆಯೇ ಹೇಳಿದಳು.

"ಪರಸಪ್ಪ ಬಂದಿಲ್ರೀ ಅಕ್ಕೋರ."

ಆಗ ಬಂದರು. ಪರಸಪ್ಪನ ತಾಯಿ ಮುಂದೆ, ಅವಳ ಹಿಂದೆ ಫಕೀರವ್ವನ ಆಯಿ. ಒಂದೇ ಓಣಿಯವರು, ಒಂದೇ ದಿನ ಹೆಸರು ಹಚ್ಚಲು ಕೂಡಿಯೇ ಬಂದಿದ್ದರು. ಪರಸಪ್ಪನ ತಾಯಿಯೇ ಮೊದಲು ಹೇಳಿದ್ದು. ಮಣ್ಣೆತ್ತಿನ ಅಮಾವಾಸ್ಯೆ ದಿನ ನನ್ನ ಮಗ ಹುಟ್ಟಿದ, ಬಾಣಂತಿ ಮನೆಯಲ್ಲಿ ನಾನು ಇರುವಾಗಲೇ ಇವರ ಮನೆಯಲ್ಲಿ ಹಾಗಾಯಿತು ಅಂತ. ಆಯಿ ಅವಳ ಮಾತನ್ನು ಅಲ್ಲಿಂದ ಎತ್ತಿಕೊಂಡಿದ್ದಳು. ಅದು ನನ್ನ ಬಾಯಿಗೆ ಅವಳದೇ ಮಾತಿನಲ್ಲಿ ಬಂತು.

"ಆಷಾಢದಾಗ ಮೂರನೇ ಗುಳ್ಳವ್ವನ ಮಂಗಳವಾರ ರೀ. ಹುಡುಗ್ಯಾರು ಗುಳ್ಳವ್ವಗ ಮಣ್ಣು ತರಾಕ ಹ್ವಾದಾಗ ನನ್ನ ಮಗಳಿಗೆ ಬ್ಯಾನಿ ಎದ್ದವು. ಅವರು ಮಣ್ಣು ತಗೊಂಡು ತಿರುಗಿ ಬರೂದ್ರಾಗ ಈ ಕೂಸು ಅಳತಿತ್ತು, ಆಕಿ ಕಣ್ಣು ಮುಚ್ಚಿದ್ಲು. ಕೂಸಿನ ಮಾರಿ ನೋಡಿದ್ಲು ರೀ, ನೋಡೇ ಮುಚ್ಚಿದ್ಲು."

ಫಕೀರವ್ವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಮೌಲಾಬಿ ಎದ್ದು ಬಂದು ಅವಳ ಬೆನ್ನ ಮೇಲೆ ಕೈಯಿಟ್ಟಳು. ನಾನೂ ಅತ್ತೆ, ಎಲ್ಲರ ಎದುರಿಗೇ ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು, ಮೊದಲ ತರಗತಿಯಿಂದ ಮತ್ತೆ ಹಾಜರಿ ತೆಗೆದೆ. ಈ ಸಲ ಯಾರನ್ನೂ ಹಾರಿಸಲಿಲ್ಲ. ಸತ್ತವರ ಹೆಸರಿಗೂ ಊರು ಬಿಟ್ಟವರ ಹೆಸರಿಗೂ ಪಕ್ಕದವರು, ಬಂದಿಲ್ರೀ ಅಂದರು. ಅವರ ತಾಯಂದಿರೂ ಬಂದು ಹೇಳಿ ಹೋದರು. ಮುಗಿಯುವಾಗ ಹೊತ್ತು ಇಳಿದಿತ್ತು.

ಬರೆಯಲು ಒಂಬತ್ತು ದಿನ ಹಿಡಿಯಿತು. ಇಶಾನಿ ಫೋನಿನಲ್ಲಿ ಮತ್ತೆ ನೆನಪಿಸಿದಳು, ಆ ನೂರ ಹದಿನೈದು ಸಾಲು ಬೇಕಾಗಿಲ್ಲ, ನಿಮ್ಮ ಕಥೆ ಬರೆಯಿರಿ ಅಂತ. ಹಾಜರಿಯಲ್ಲಿ ಹೆಸರು ಬಿಡುವುದು ನನಗೆ ಬರುವುದಿಲ್ಲ ಅಂದೆ. ಓಲೆ ಇದ್ದವರ ಬಾಳು ಅವರವರ ಓಲೆಯಲ್ಲಿದೆ. ಪರಸಪ್ಪನಿಗೆ ಇರುವುದು ನನ್ನ ಈ ಒಂದು ಸಾಲು ಮಾ‌ತ್ರ. ಅದನ್ನು ಕಿತ್ತುಕೊಂಡು ಅಲ್ಲಿ ನನ್ನ ಸೈಕಲ್ ನಿಲ್ಲಿಸಲೆ?

ಏಳನೇ ಕರಡನ್ನು ಮಡಚಿ ಟ್ರಂಕಿನಲ್ಲಿಟ್ಟೆ. ಬೇಜಾರಾಯಿತೇ ಅಂದರೆ, ಆಯಿತು. ಒಂದು ಇಡೀ ದಿನ ಯಾರ ಜೊತೆಯೂ ಮಾತಾಡಲಿಲ್ಲ, ಮಗಳು ಚಹಾ ತಂದಿಟ್ಟು ತಂದಿಟ್ಟು ಸೋತಳು. ಮರುದಿನ ಎದ್ದು ಬರೆಯಲು ಕೂತೆ. ಮುನ್ನೂರ ಎಂಬತ್ಮೂರು ಹೆಸರು, ಮುನ್ನೂರ ಎಂಬತ್ಮೂರು ತಾಯಂದಿರ ಮಾತು, ಒಬ್ಬರಿಗೆ ಒಂದು ಸಾಲು. ಕೊನೆಗೆ ಒಂದೇ ಸಾಲು ನನಗೆ ಉಳಿಯಿತು. ಅದರಲ್ಲಿ ಹೀಗೆ ಬರೆದೆ. ಇವರೆಲ್ಲರಿಗೂ ಜೂನ್ ಒಂದು ಎಂದು ಬರೆದವಳು ನಾನು, ಇಂದುಮತಿ ಹಡಗಲಿ. ಕೇಳಿದ್ದೆ, ಬರೆದಿರಲಿಲ್ಲ, ಈಗ ಬರೆದಿದ್ದೇನೆ.

ಗಣಿಯಲ್ಲಿ ಆ ಹನ್ನೆರಡು ಪುಟಗಳನ್ನು ತಾಳೆಗಾರನಿಗೆ ಕೊಟ್ಟಾಗ ನಾನು ಅಲ್ಲೇ ಇದ್ದೆ. ಗೋಡೆಯ ಮೇಲಿನ ಕೆಂಪು ಗಂಟು ಒಂದು ನಿಮಿಷ ಹಾಗೇ ಇತ್ತು. ಆಮೇಲೆ ಒಂದೊಂದೇ ಎಳೆ ಬಿಡಿಸಿಕೊಂಡು ತನ್ನ ತನ್ನ ಜಾಗಕ್ಕೆ ಹೋಗತೊಡಗಿತು. ಇಶಾನಿ ಪರದೆ ನೋಡಿ ಎಣಿಸುತ್ತಿದ್ದಳು. ಇನ್ನೂರ ಅರವತ್ತೆಂಟಕ್ಕೂ ತಾಳೆ ಬಿತ್ತು. ಫಕೀರವ್ವನ ಎಳೆಯನ್ನು ಬೆರಳಿಟ್ಟು ತೋರಿಸಿದಳು. ಸಾವಿರದ ಒಂಬೈನೂರ ತೊಂಬತ್ತೈದು, ಜುಲೈ ಹದಿನೆಂಟು, ಮಂಗಳವಾರ. ಮುಚ್ಚಿದ ಆ ಇನ್ನೊಂದು ಓಲೆಯೂ ಇದೇ ದಿನ ಹೇಳುತ್ತಿತ್ತು. ಅದನ್ನು ಬರೆದವರು ಯಾರೆಂದು ನಾನು ಕೇಳಲಿಲ್ಲ. ಆವತ್ತು ಮಣ್ಣು ತರಲು ಹೋದ ಹುಡುಗಿಯರಲ್ಲಿ ಯಾವಳಾದರೂ ಇರಬೇಕು.

ನಾನು ಹೊರಡಲು ಎದ್ದಾಗ ಇಶಾನಿ ತಡೆದಳು. ಒಳಗಿನದನ್ನು ಹೇಳುವಂತಿಲ್ಲ, ಲೆಕ್ಕ ಹೇಳಬಹುದು ಅಂದಳು.

"ಇನ್ನೂರಾ ಹನ್ನೊಂದು ಓಲೆಯೊಳಗ ನಿಮ್ಮ ಹೆಸರೈತ್ರೀ ಅಕ್ಕೋರ. ಅದರಾಗ ನೂರಾ ಅರವತ್ತು ಮಂದಿ ನಿಮ್ಮ ಬೆತ್ತದ ಸುದ್ದಿ ಬರದಾರ."

ಕೃತಘ್ನರು ಅಂದೆ. ಆದರೆ ಮನಸ್ಸಿನಲ್ಲಿ ಲೆಕ್ಕ ಹಾಕಿದೆ, ಉಳಿದ ಐವತ್ತೊಂದು ಮಂದಿಯಲ್ಲಿ ಯಾರಾದರೊಬ್ಬರು ಸೈಕಲ್ ಬರೆದಿರುತ್ತಾರೆ. ಮೌಲಾಬಿ ಬಾವಿಯನ್ನು ಬಿಡುವವಳಲ್ಲ. ಸಾಕು. ಹತ್ತು ಸಾವಿರ ವರ್ಷದ ಆಚೆಯವಳು ಹುಡುಕಿಕೊಳ್ಳಲಿ.

ಆ ವರ್ಷದ ಮೂರನೇ ಗುಳ್ಳವ್ವನ ಮಂಗಳವಾರ ಫಕೀರವ್ವನ ಮನೆಗೆ ಹೋದೆ. ಬೆಳಿಗ್ಗೆಯೇ ಕರೆ ಕಳಿಸಿದ್ದಳು. ಓಣಿಯ ಹುಡುಗಿಯರು ಮಣ್ಣು ತಂದು ಕಟ್ಟೆಯ ಮೇಲೆ ಕೂತು ಗುಳ್ಳವ್ವನನ್ನು ಮಾಡುತ್ತಿದ್ದರು, ಕೈಯೆಲ್ಲ ಕೆಸರು. ಒಳಗೆ ಮಣೆಯ ಮೇಲೆ ಹೊಸ ಕುಬಸದ ಕಣ, ಮುಂದೆ ಬಾಳೆ ಎಲೆಯಲ್ಲಿ ಹೋಳಿಗೆ, ಕಟ್ಟಿನ ಸಾರು, ಅನ್ನ. ತಾಯಿಯ ಫೋಟೋ ಇರಲಿಲ್ಲ, ಆ ಹೆಣ್ಣುಮಗಳ ಫೋಟೋ ಯಾರೂ ತೆಗೆದಿರಲಿಲ್ಲ. ಫಕೀರವ್ವ ಊದಿನಕಡ್ಡಿ ಹಚ್ಚಿದಳು. ನಮಸ್ಕಾರಕ್ಕೆ ಬಗ್ಗಬೇಕಾದವಳು ಬಗ್ಗಲಿಲ್ಲ. ಮಣೆಯಿಂದ ದೂರ, ಬಾಗಿಲ ಹೊಸ್ತಿಲ ಆಚೆ ಹೋಗಿ ಕೈಕಟ್ಟಿಕೊಂಡು ನಿಂತಳು.

ಯಾಕೆ ಅಂತ ನನಗೆ ತಕ್ಷಣ ತಿಳಿಯಿತು. ಅದನ್ನು ಕಲಿಸಿದವಳೇ ನಾನಲ್ಲವೆ?

"ಅವ್ವಾ, ತಡಾ ಆತು," ಅಂದಳು. "ಒಳಗ ಬರ್ಲೇನು?"

ಕಾರಣ ಹೇಳದೆ ಒಳಗೆ ಬರುವಂತಿಲ್ಲ. ಆ ಕಾರಣ ಅವಳ ಬಳಿ ಇರಲಿಲ್ಲ, ನನ್ನ ಬಳಿ ಇತ್ತು. ಮೊಣಕಾಲು ನೋಯುತ್ತಿದ್ದರೂ ಎದ್ದೆ. ಹೋಗಿ ಹೊಸ್ತಿಲ ಆಚೆ ಅವಳ ಪಕ್ಕದಲ್ಲಿ ನಾನೂ ಕೈಕಟ್ಟಿ ನಿಂತೆ.

"ಯವ್ವಾ," ಅಂದೆ ಆ ಮಣೆಗೆ, "ಹುಡುಗಿದೇನೂ ತಪ್ಪಿಲ್ಲ. ಆಕಿ ದಿನಾ ಬರೋಬ್ಬರಿ ಟೈಮಿಗೆ ಬರಾಕಿ. ತಡಾ ಮಾಡಿದಾಕಿ ನಾನು. ಒಳಗ ಕರಕೋ."

ಫಕೀರವ್ವ ನನ್ನ ಕೈ ಹಿಡಿದುಕೊಂಡಳು. ಇಬ್ಬರೂ ಕೂಡಿಯೇ ಒಳಗೆ ಹೋದೆವು.